ಮಗ ಎಲ್ಲಿ ಹೋದ ಅಂತ ಯಾರೂ ಕೇಳಲಿಲ್ಲ

ನಮಸ್ಕಾರ ಎಲ್ಲರಿಗೂ. ಹೋದ ಸಂಚಿಕೆಯಲ್ಲಿ ರೀಮೇಕ್‌ಗಳ ಬಗ್ಗೆ ಮಾತಾಡುವಾಗ ಚಿರಂಜೀವಿಯವರ ‘ಗಾಡ್‌ಫಾದರ್’ ಬಗ್ಗೆ ಒಂದು ಮಾತು ಹೇಳಿದ್ದೆ. ಅದಕ್ಕೆ ಒಬ್ಬರು ಕಮೆಂಟ್ ಹಾಕಿದ್ದಾರೆ: “ಗುರೂ, ಲೂಸಿಫರ್‌ಗಿಂತ ಇದೇ ಚೆನ್ನಾಗಿದೆ. ಲ್ಯಾಗ್ ಇಲ್ಲ. ಆ ತಮ್ಮನ ಪಾತ್ರ ತೆಗೆದಿದ್ದೇ ಒಳ್ಳೇದಾಯ್ತು. ರಿವ್ಯೂಗಳಲ್ಲೂ ಅದನ್ನೇ ಹೇಳಿದ್ದಾರಲ್ಲ.”

ಹೌದು, ಹೇಳಿದ್ದಾರೆ. ಇವತ್ತಿನ ನನ್ನ ಜಗಳ ಅದರ ಜೊತೆಗೇ.

ಗೊತ್ತಿಲ್ಲದವರಿಗೆ ಬೇಗ ಕಥೆ ಹೇಳಿಬಿಡ್ತೀನಿ. 2019ರ ಮಾರ್ಚ್‌ನಲ್ಲಿ ಮಲಯಾಳಂನ ‘ಲೂಸಿಫರ್’ ಬಂತು. ಮುರಳಿ ಗೋಪಿ ಬರೆದದ್ದು, ಪೃಥ್ವಿರಾಜ್ ಮೊದಲ ಬಾರಿ ನಿರ್ದೇಶಿಸಿದ್ದು. ಮುಖ್ಯಮಂತ್ರಿ ಪಿ.ಕೆ. ರಾಮದಾಸ್ ಸಾಯುತ್ತಾರೆ. ಕುರ್ಚಿ ಖಾಲಿ. ಮಗಳು ಇದ್ದಾಳೆ, ಡ್ರಗ್ಸ್ ದುಡ್ಡು ಕೈಯಲ್ಲಿ ಹಿಡಿದ ಅಳಿಯ ಇದ್ದಾನೆ, ಪಕ್ಷದ ಹಿರಿಯ ಇದ್ದಾನೆ, ಮೋಹನ್‌ಲಾಲ್ ಮಾಡಿದ ಸ್ಟೀಫನ್ ಇದ್ದಾನೆ. ಜೊತೆಗೆ ಹೊರದೇಶದಲ್ಲಿ ಒಬ್ಬ ಮಗ, ಜತಿನ್. ಕಮೆಂಟಿನಲ್ಲಿ ಹೇಳಿದ ‘ತಮ್ಮ’ ಇವನೇ. ಆ ಪಾತ್ರ ಮಾಡಿದ್ದು ಟೊವಿನೋ ಥಾಮಸ್. 2022ರ ಅಕ್ಟೋಬರ್ 5ರಂದು, ದಸರಾ ದಿನ, ಇದೇ ಕಥೆ ತೆಲುಗಿನಲ್ಲಿ ‘ಗಾಡ್‌ಫಾದರ್’ ಆಗಿ ಬಂತು. ನಿರ್ದೇಶಕ ಮೋಹನ್ ರಾಜಾ. ಮಗಳಾಗಿ ನಯನತಾರಾ, ಅಳಿಯನಾಗಿ ಸತ್ಯದೇವ್. ಸಲ್ಮಾನ್ ಖಾನ್ ಕೂಡ ಬಂದು ಹೋದರು. ಹೊರದೇಶದ ಆ ಮಗ ಮಾತ್ರ ಇಲ್ಲ.

ಈಗ ರಿವ್ಯೂಗಳಿಗೆ ಬರೋಣ. ನಾನು ಓದಿದವು, ನೋಡಿದವು ಎಲ್ಲದರಲ್ಲೂ ಏನಿತ್ತು? ಮೋಹನ್‌ಲಾಲ್ ಕಣ್ಣಲ್ಲೇ ಮಾಡಿದ್ದನ್ನು ಚಿರು ಹೇಗೆ ಮಾಡಿದರು? ಸಲ್ಮಾನ್ ಬೇಕಿತ್ತಾ, ಬೇಡವಾ? ತಮನ್ ಹಿನ್ನೆಲೆ ಸಂಗೀತ ಹೇಗಿದೆ? ಸತ್ಯದೇವ್ ಮಿಂಚಿದ್ದಾರೆ ಅಂತ ಮೆಚ್ಚುಗೆ. ಮೆಚ್ಚಬೇಕಾದ್ದೇ, ಆ ಹುಡುಗ ನಿಜಕ್ಕೂ ಚೆನ್ನಾಗಿ ಮಾಡಿದ್ದಾನೆ. ಆಮೇಲೆ ಒಂದು ಸಾಲು: ಮಗನ ಪಾತ್ರ ತೆಗೆದು ಚಿತ್ರಕಥೆ ಬಿಗಿ ಮಾಡಿದ್ದಾರೆ. ಅಷ್ಟೇ. ಮುಂದಿನ ಪ್ಯಾರಾ ಛಾಯಾಗ್ರಹಣ.

ಅಲ್ಲಾ ಸ್ವಾಮಿ, ಇದು ಪೊಲಿಟಿಕಲ್ ಥ್ರಿಲ್ಲರ್ ಅಲ್ವಾ? ಮುಖ್ಯಮಂತ್ರಿ ಸತ್ತ ಮನೆಯಿಂದ ಮಗನನ್ನೇ ಮಾಯ ಮಾಡಿದ್ದಾರೆ. ಅದನ್ನು ಎಡಿಟಿಂಗ್ ವಿಷಯ ಅಂತ ಬರೆಯುತ್ತೀರಾ? ಮದುಮಗನೇ ಇಲ್ಲದ ಮದುವೆಗೆ ಹೋಗಿ, ಊಟ ಬೇಗ ಬಡಿಸಿದರು ಅಂತ ಖುಷಿಪಟ್ಟು ಬಂದ ಹಾಗಾಯ್ತು.

ಲೂಸಿಫರ್‌ನಲ್ಲಿ ಜತಿನ್ ವೇದಿಕೆ ಹತ್ತುವ ದೃಶ್ಯ ನೆನಪು ಮಾಡಿಕೊಳ್ಳಿ. ಹೊರದೇಶದಿಂದ ಬಂದವನು. ರಾಜಕೀಯದ ಗಂಧಗಾಳಿ ಇಲ್ಲ. ಅವನನ್ನು ಕರೆಸಿದ್ದೇ ಭಾವ, ಬೊಂಬೆ ಮುಖ್ಯಮಂತ್ರಿ ಮಾಡಿ ಕೂರಿಸೋಕೆ. ಮಾತಾಡುತ್ತಾ ಮಾತಾಡುತ್ತಾ ಹುಡುಗ ಮುಂಡು ಎತ್ತಿ ಕಟ್ಟುತ್ತಾನೆ. ಮೈದಾನ ಹುಚ್ಚೆದ್ದು ಕೂಗುತ್ತದೆ. ನಮಗೂ ಮೈ ಜುಮ್ ಅನ್ನುತ್ತೆ. ಆ ಒಂದು ಕ್ಷಣದಲ್ಲಿ ಆಗಿದ್ದೇನು? ಜನ ಅವನ ಕೆಲಸ ನೋಡಿಲ್ಲ. ಅನುಭವ ಕೇಳಿಲ್ಲ. ಅಪ್ಪನ ಮಗ ಅಂತ ಒಪ್ಪಿಬಿಟ್ಟರು. ಸೀಟಿನಲ್ಲಿ ಕೂತು ಶಿಳ್ಳೆ ಹೊಡೆದ ನಾವೂ ಒಪ್ಪಿಬಿಟ್ಟೆವು. ನಮ್ಮ ದೇಶದಲ್ಲಿ ಕುರ್ಚಿ ಅಪ್ಪನಿಂದ ಮಗನಿಗೆ ಹೇಗೆ ಜಾರುತ್ತೆ ಅನ್ನೋದನ್ನು ಭಾಷಣ ಇಲ್ಲದೆ ತೋರಿಸಿದ ದೃಶ್ಯ ಅದು. ಅದೇ ಹೋಯ್ತು.

ಅದೂ ಎಲ್ಲಿ? ತೆಲುಗಿನಲ್ಲಿ! ಸ್ವಲ್ಪ ಯೋಚನೆ ಮಾಡಿ. 2009ರ ಸೆಪ್ಟೆಂಬರ್ 2ರಂದು ವೈ.ಎಸ್. ರಾಜಶೇಖರ ರೆಡ್ಡಿ ಹೆಲಿಕಾಪ್ಟರ್ ದುರಂತದಲ್ಲಿ ತೀರಿಕೊಂಡರು. ಅಧಿಕಾರದಲ್ಲಿದ್ದ ಮುಖ್ಯಮಂತ್ರಿ. ಮಗ ಜಗನ್ ಆಗಷ್ಟೇ ಕಡಪದಿಂದ ಸಂಸದರಾಗಿದ್ದರು. ಮಗನನ್ನೇ ಮುಖ್ಯಮಂತ್ರಿ ಮಾಡಿ ಅಂತ ಬಹುಪಾಲು ಕಾಂಗ್ರೆಸ್ ಶಾಸಕರು ಸಹಿ ಹಾಕಿ ಕೊಟ್ಟರು. ಹೈಕಮಾಂಡ್ ಒಪ್ಪಲಿಲ್ಲ, ರೋಸಯ್ಯನವರನ್ನು ಕೂರಿಸಿತು. ಜಗನ್ ಊರೂರು ತಿರುಗಿದರು, 2011ರಲ್ಲಿ ಬೇರೆ ಪಕ್ಷ ಕಟ್ಟಿದರು, 2019ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಆದರು. ಗಾಡ್‌ಫಾದರ್ ಬಿಡುಗಡೆ ಆದಾಗ ಆಂಧ್ರದ ಕುರ್ಚಿಯಲ್ಲಿ ಇದ್ದವರು ಅವರೇ. ಪಕ್ಕದ ತೆಲಂಗಾಣದಲ್ಲಿ ಅಪ್ಪ ಕೆಸಿಆರ್ ಮುಖ್ಯಮಂತ್ರಿ, ಮಗ ಕೆಟಿಆರ್ ಮಂತ್ರಿ. ಆ ಕಡೆ ಚಂದ್ರಬಾಬು ನಾಯ್ಡು ಮಗ ಲೋಕೇಶ್ ರೆಡಿಯಾಗುತ್ತಿದ್ದರು.

ಆ ನೆಲದಲ್ಲಿ ನಿಂತು, ಮುಖ್ಯಮಂತ್ರಿ ಸತ್ತ ಕಥೆ ಹೇಳುತ್ತಾ, ಮಗನನ್ನು ತೆಗೆದರು. ಯಾಕೆ ತೆಗೆದರು ಅನ್ನೋದು ಅವರಿಗೆ ಬಿಟ್ಟದ್ದು. ಸಿನಿಮಾ ಅವರದು, ದುಡ್ಡು ಅವರದು. ಆದರೆ ವಿಮರ್ಶೆ ಬರೆದವರು ಕೇಳಬೇಕಿತ್ತು: ಮಗ ಎಲ್ಲಿ ಹೋದ?

“ನೇಟಿವಿಟಿಗೆ ತಕ್ಕ ಹಾಗೆ ಬದಲಾವಣೆ” ಅಂತ ಬರೆದಿದ್ದಾರೆ. ಯಾವ ನೇಟಿವಿಟಿ? ತೆಲುಗು ರಾಜಕೀಯಕ್ಕೆ ಆ ಇಡೀ ಕಥೆಯಲ್ಲಿ ಅತೀ ಹತ್ತಿರ ಇದ್ದವನೇ ಆ ಮಗ. ಅವನನ್ನು ಬಿಟ್ಟು, ಹಾಡಿಗೆ ಸಲ್ಮಾನ್ ತಂದರೆ ನೇಟಿವಿಟಿ ಬಂತಾ?

“ಮಾಸ್ ಸಿನಿಮಾ ಬ್ರೋ, ಸುಮ್ನೆ ಎಂಜಾಯ್ ಮಾಡಿ” ಅನ್ನೋರು ಇನ್ನೊಂದು ಗುಂಪು. ಲೂಸಿಫರ್ ಏನು ಅವಾರ್ಡ್ ಸಿನಿಮಾನಾ? ಅಲ್ಲೂ ಹೀರೋ ಪೊಲೀಸ್ ಅಧಿಕಾರಿಯ ಮೇಲೆ ಕಾಲಿಟ್ಟು ನಿಲ್ಲುತ್ತಾನೆ. ಅಲ್ಲೂ ಸ್ಲೋ ಮೋಷನ್ ಇದೆ, ಐಟಂ ಸಾಂಗ್ ಇದೆ. ಮಾಸ್ ಮತ್ತು ರಾಜಕೀಯ ಒಟ್ಟಿಗೆ ಇರಬಹುದು ಅಂತ ಮೂರು ಗಂಟೆ ತೋರಿಸಿದ್ದಾರಲ್ಲ.

“ಮಗಳು ಇದ್ದಾಳಲ್ಲ, ವಾರಸುದಾರಿಕೆ ಅಲ್ಲಿದೆ.” ಇದ್ದಾಳೆ. ಆದರೆ ಅವಳು ಅರ್ಧ ಸಿನಿಮಾ ಮಲ ಅಣ್ಣನ, ಅಂದರೆ ಚಿರು ಪಾತ್ರದ ಮೇಲಿನ ಕೋಪದಲ್ಲೇ ಕಳೆಯುತ್ತಾಳೆ. ಮೈದಾನದಲ್ಲಿ ಜನ ಮರುಳಾಗುವ ಆ ಕ್ಷಣ ಅವಳಿಗೆ ಸಿಗಲಿಲ್ಲ. ಉಳಿದಿದ್ದು ಕುಟುಂಬದ ಜಗಳ. ಚೆನ್ನಾಗಿದೆ, ನೋಡಿ. ಅದನ್ನು ಪೊಲಿಟಿಕಲ್ ಅಂತ ಕರೆಯಬೇಡಿ.

ಸೊರಬದ ವೀಕ್ಷಕರು ಇದ್ದರೆ ಕೈ ಎತ್ತಿ. ಬಂಗಾರಪ್ಪನವರ ಇಬ್ಬರು ಮಕ್ಕಳು ಒಂದೇ ಕ್ಷೇತ್ರದಲ್ಲಿ ಎದುರುಬದುರು ನಿಂತು, 2018ರಲ್ಲಿ ಕುಮಾರ್ ಗೆದ್ದು, 2023ರಲ್ಲಿ ಮಧು ಗೆದ್ದಿದ್ದನ್ನು ನೋಡಿದವರು ನೀವು. ಕುಮಾರ್ ಬಂಗಾರಪ್ಪ ಅಂತೂ ಸಿನಿಮಾ ಹೀರೋನೇ ಆಗಿದ್ದವರು. ಅಪ್ಪ, ಮಗ, ಕುರ್ಚಿ ಅಂದರೆ ಏನು ಅಂತ ನಿಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹಾಗಾದರೆ ನಮ್ಮ ಕನ್ನಡ ರಿವ್ಯೂ ಚಾನೆಲ್‌ಗಳಿಗೆ ಅದು ಯಾಕೆ ಹೊಳೆಯಲಿಲ್ಲ?

ಅಂದಹಾಗೆ, ಚಾನೆಲ್‌ಗೆ ಇನ್ನೂ ಸಬ್‌ಸ್ಕ್ರೈಬ್ ಆಗದವರು ದಯವಿಟ್ಟು ಆಗಿ. ಇಂಥ ಮಾತು ಆಡೋಕೆ ನಿಮ್ಮ ಬೆಂಬಲ ಬೇಕು. ಬೆಲ್ ಒತ್ತಿ.

ಇನ್ನೊಂದು ವಿಷಯ, ಇದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ. 2025ರ ಮಾರ್ಚ್‌ನಲ್ಲಿ ಲೂಸಿಫರ್‌ನ ಎರಡನೇ ಭಾಗ ‘ಎಂಪುರಾನ್’ ಬಂತು. ಕಥೆ ಶುರುವಾಗೋದೇ ಆ ಮಗನಿಂದ. ಮುಖ್ಯಮಂತ್ರಿ ಆದ ಜತಿನ್ ಅಪ್ಪನ ಪಕ್ಷ ಬಿಟ್ಟು ಹೊಸ ಪಕ್ಷ ಕಟ್ಟುತ್ತಾನೆ. ಅವನನ್ನು ನೆಚ್ಚಿ ಕೂರಿಸಿದ ಸ್ಟೀಫನ್ ವಾಪಸ್ ಬರಬೇಕಾಗುತ್ತೆ. ಆ ಸಿನಿಮಾ ಎಷ್ಟು ವಿವಾದ ಆಯ್ತು ಅಂದ್ರೆ, ಬಿಡುಗಡೆ ಆದ ಮೇಲೆ ಮತ್ತೆ ಕತ್ತರಿ ಹಾಕಬೇಕಾಯ್ತು. ಒಪ್ಪಿ, ಬಿಡಿ, ಅದರಲ್ಲಿ ರಾಜಕೀಯ ಇತ್ತು. ತೆಲುಗಿನಲ್ಲಿ ಇದನ್ನು ಹೇಗೆ ಮುಂದುವರಿಸುತ್ತೀರಿ? ಯಾರನ್ನು ಕೆಡಿಸುತ್ತೀರಿ? ಕೆಡಬೇಕಾದವನನ್ನೇ ಹುಟ್ಟಿಸಿಲ್ಲ. ಲ್ಯಾಗ್ ಅಂತ ಕಿತ್ತು ಹಾಕಿದ್ದು ಕಥೆಯ ಬೇರನ್ನೇ.

ಇನ್ನು ಚಿರಂಜೀವಿಯವರು. ಬಿಡುಗಡೆಗೆ ಮುಂಚೆ ಒಂದು ಡೈಲಾಗ್ ಬಿಟ್ಟಿದ್ದರು: ನಾನು ರಾಜಕೀಯದಿಂದ ದೂರ ಇದ್ದೀನಿ, ರಾಜಕೀಯ ನನ್ನಿಂದ ದೂರ ಆಗಿಲ್ಲ ಅಂತ. 2008ರಲ್ಲಿ ಪ್ರಜಾರಾಜ್ಯಂ ಕಟ್ಟಿ, 2009ರಲ್ಲಿ 18 ಸೀಟು ಗೆದ್ದು, 2011ರಲ್ಲಿ ಕಾಂಗ್ರೆಸ್‌ಗೆ ಸೇರಿಸಿ, ಕೇಂದ್ರ ಮಂತ್ರಿಯಾಗಿದ್ದ ಮನುಷ್ಯ ಆಡಿದ ಮಾತು. ಎಂಥಾ ತೂಕ ಅದಕ್ಕೆ! ಇಂಥವರ ಸಿನಿಮಾವನ್ನು ರಾಜಕೀಯವಾಗಿ ನೋಡದೆ ಇನ್ಯಾರದನ್ನು ನೋಡುತ್ತೀರಿ? ರಿವ್ಯೂಗಳಲ್ಲಿ ಆ ಸಾಲಿಗೆ “ಥಿಯೇಟರ್ ಶೇಕ್” ಅಂತ ಬರೆದು ಮುಗಿಸಿದರು. ಶೇಕ್ ಆಗಲಿ. ಆಮೇಲೆ?

ಸ್ಟಾರ್ ಕೊಡಿ, ಬೇಡ ಅನ್ನಲ್ಲ. ಮೂರು ಕೊಡಿ, ನಾಲ್ಕು ಕೊಡಿ. ಮೂಲದ ಶಾಟ್ ಪಕ್ಕ ರೀಮೇಕ್ ಶಾಟ್ ಇಟ್ಟು ಹೋಲಿಸಿ, ರೀಲ್ಸ್ ಮಾಡಿ. ಆದರೆ ಒಂದೇ ಒಂದು ಸಾಲು, ಮಗ ಎಲ್ಲಿ ಹೋದ ಅಂತ. ಬರೆಯೋಕೆ ಎಷ್ಟು ಹೊತ್ತು ಬೇಕು? ಅಪ್ಪನ ಕುರ್ಚಿ, ಮಗ ಇಲ್ಲ! ನನಗಂತೂ ಇದು ಇವತ್ತಿಗೂ ಅರಗಿಲ್ಲ. ಮಗ ಇಲ್ಲ ರೀ!

ಸರಿ. ಮುಂದಿನ ಸಂಚಿಕೆ ಇದೇ ಮೋಹನ್ ರಾಜಾ 2015ರಲ್ಲಿ ಮಾಡಿದ ‘ತನಿ ಒರುವನ್’ ಮತ್ತು ಅದರ ತೆಲುಗು ರೀಮೇಕ್ ‘ಧ್ರುವ’ ಬಗ್ಗೆ. ಎರಡನ್ನೂ ನೋಡಿಕೊಂಡು ಬನ್ನಿ. ಅಪ್ಪನಿಗೆ ಎಲೆಕ್ಷನ್ ಟಿಕೆಟ್ ಸಿಗಲಿ ಅಂತ ಕೊಲೆಯನ್ನು ತನ್ನ ತಲೆಗೆ ಹಾಕಿಕೊಳ್ಳುವ ಹುಡುಗ ಅದರಲ್ಲಿ ಇದ್ದಾನೆ. ತೆಲುಗಿಗೆ ಬಂದಾಗ ಆ ಮಗನನ್ನು ಯಾರೂ ತೆಗೆಯಲಿಲ್ಲ.