ಬಿತ್ತಿದವರ ಕೈಸೇರದ ಬೆಳೆ ಪರಿಹಾರ

ಎಲ್ಲ ಕೇಳುಗರಿಗೆ ನಮಸ್ಕಾರ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಅತಿವೃಷ್ಟಿಯಾದಾಗಲೆಲ್ಲ ಹೆಕ್ಟೇರಿಗೆ ಎಷ್ಟು ಪರಿಹಾರ ಎಂಬ ಚರ್ಚೆ ನಡೆಯುತ್ತದೆ. ಆ ಹಣ ಯಾರ ಖಾತೆಗೆ ಜಮೆಯಾಗುತ್ತದೆ ಎಂದು ಕೇಳುವವರು ಕಡಿಮೆ. ಇಂದಿನ ನನ್ನ ಮಾತು ಅದರ ಬಗ್ಗೆ.

ಮೊತ್ತದ ವಿಚಾರವನ್ನು ಬೇಗ ಮುಗಿಸುತ್ತೇನೆ. ವಿಪತ್ತು ಪರಿಹಾರ ನಿಧಿಯ 2022-26ರ ಮಾರ್ಗಸೂಚಿಯಂತೆ, ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದರೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. 2025ರಲ್ಲಿ ರಾಜ್ಯ ಸರ್ಕಾರ ಹೆಕ್ಟೇರಿಗೆ ಇನ್ನೂ 8,500 ರೂಪಾಯಿ ಸೇರಿಸಿ ಕೊಡುವುದಾಗಿ ಘೋಷಿಸಿದ್ದು ಸರಿಯಾದ ಹೆಜ್ಜೆ. ಆದರೂ ಹೆಸರುಕಾಳಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ ಇದ್ದ ಆ ವರ್ಷ, ಮಳೆಯಾಶ್ರಿತ ಹೊಲದವರಿಗೆ ಎರಡೂ ಸೇರಿ ಹೆಕ್ಟೇರಿಗೆ ಸಿಗುವ ಹಣ ಎರಡು ಕ್ವಿಂಟಲ್ ಹೆಸರುಕಾಳಿನ ಬೆಲೆಯನ್ನೂ ಮುಟ್ಟುತ್ತಿರಲಿಲ್ಲ.

ಬೆಣ್ಣಿಹಳ್ಳದ ಆಸುಪಾಸಿನ ಎರೆ ಹೊಲಗಳಲ್ಲಿ, ಬಿಡಿಸಲು ಬಂದ ಹೆಸರು ಬೆಳೆಯ ಮೇಲೆ ಆಗಸ್ಟ್ ತಿಂಗಳಲ್ಲಿ ಜಡಿಮಳೆ ಹಿಡಿದರೆ ಕಾಯಿ ಗಿಡದಲ್ಲೇ ಮೊಳಕೆಯೊಡೆಯುತ್ತದೆ. ಸುಲಿದು ನೋಡಿದರೆ ಕಾಳು ಉಬ್ಬಿ, ಸಿಪ್ಪೆ ಸೀಳಿ, ಬಿಳಿಯ ಮೊಳಕೆ ಹೊರಬಂದಿರುತ್ತದೆ. ಜಂಟಿ ಸಮೀಕ್ಷೆಗೆ ಬಂದ ಸಿಬ್ಬಂದಿಗೆ ಆ ಹೊಲವನ್ನು ತೋರಿಸುವವರು ಅನೇಕ ಸಲ ಅದನ್ನು ಮಾಲೀಕರಿಂದ ಲಾವಣಿಗೆ, ಅಂದರೆ ಗೇಣಿಗೆ, ಹಾಕಿಕೊಂಡ ರೈತರೇ. ಬೀಜ, ಗೊಬ್ಬರವನ್ನು ಅಂಗಡಿಯಿಂದ ಉದ್ರಿ ತಂದವರು ಅವರು. ಲಾವಣಿಯ ಹಣವನ್ನು ಮುಂಗಡವಾಗಿ ಕೊಟ್ಟವರೂ ಅವರೇ. ಆದರೆ ಪರಿಹಾರ ತಂತ್ರಾಂಶದಲ್ಲಿ ದಾಖಲಾಗುವುದು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇರುವ ಮಾಲೀಕರ ಹೆಸರು, ಹಣ ಹೋಗುವುದು ಆ ಹೆಸರಿನ ಆಧಾರ್ ಜೋಡಣೆಯಾದ ಖಾತೆಗೆ. ಬಂದ ಪರಿಹಾರವನ್ನು ಪೂರ್ತಿಯಾಗಿ ಲಾವಣಿದಾರರ ಕೈಗೆ ಕೊಡುವ ಮಾಲೀಕರು ನಮ್ಮ ಊರುಗಳಲ್ಲಿ ಇದ್ದಾರೆ, ಅವರಿಗೆ ನನ್ನ ಗೌರವವಿದೆ. ಆದರೆ ಸಂತ್ರಸ್ತರಾದವರು ಇನ್ನೊಬ್ಬರ ಒಳ್ಳೆಯತನವನ್ನು ನಂಬಿ ಕೂರಬೇಕಾದ ವ್ಯವಸ್ಥೆಯನ್ನು ನಾನು ಒಪ್ಪಲಾರೆ.

ಹಾಗಾದರೆ ಲಾವಣಿದಾರರು ಬೆಳೆ ವಿಮೆ ಮಾಡಿಸಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಮುಂಗಾರು ಆಹಾರ ಬೆಳೆಗೆ ರೈತರ ಪಾಲಿನ ಕಂತು ವಿಮಾ ಮೊತ್ತದ ಶೇ. 2 ಮಾತ್ರ, ನಿಜ. ಲಾವಣಿದಾರರೂ ಫಸಲ್ ಬಿಮಾ ಯೋಜನೆಗೆ ಅರ್ಹರು ಎಂದು ನಿಯಮ ಹೇಳುತ್ತದೆ. ಆದರೆ ಅದಕ್ಕೆ ಬೇಕಾದ ಕರಾರುಪತ್ರವನ್ನು ಅವರು ಎಲ್ಲಿಂದ ತರಬೇಕು? 1974ರ ಭೂಸುಧಾರಣೆ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಗೇಣಿಗೆ ಕೊಡುವುದೇ ಬಹುಮಟ್ಟಿಗೆ ನಿಷಿದ್ಧ. ಉಳುವವರಿಗೆ ಭೂಮಿ ಕೊಡಿಸಿದ ಆ ಕಾನೂನನ್ನು ನಾನು ಹಳಿಯುವುದಿಲ್ಲ. ಆದರೆ ಐದು ದಶಕಗಳ ನಂತರವೂ ಲಾವಣಿ ಬಾಯಿಮಾತಿನಲ್ಲಿ ನಡೆದೇ ಇದೆ, ಅದನ್ನು ನಂಬಿದವರಿಗೆ ವಿಮೆಯೂ ಇಲ್ಲ, ಪರಿಹಾರವೂ ಇಲ್ಲ.

ಬೆಳೆ ಹಾನಿಯ ಈ ಹಣವನ್ನು ಮಾರ್ಗಸೂಚಿಯೇ ಬೀಜ, ಗೊಬ್ಬರದಂತಹ ಒಳಸುರಿಯ ಸಹಾಯಧನವೆಂದು ಕರೆದಿದೆ. ಹೊಲದಲ್ಲಿ ಹೂಳು ತುಂಬಿದರೆ, ನದಿಯ ಪಾತ್ರ ಬದಲಾಗಿ ಜಮೀನೇ ಕೊಚ್ಚಿಹೋದರೆ ಅದಕ್ಕೆ ಬೇರೆಯ ದರಗಳಿವೆ. ಭೂಮಿಗಾದ ನಷ್ಟದ ಹಣ ಮಾಲೀಕರಿಗೆ ಹೋಗಲಿ. ಬೆಳೆಯ ಹಣ ಬಿತ್ತನೆಗೆ ಖರ್ಚು ಮಾಡಿದವರಿಗೆ ಸಲ್ಲಬೇಕು. ಆಂಧ್ರಪ್ರದೇಶವು 2019ರ ಕಾಯ್ದೆಯ ಮೂಲಕ ಸಾಗುವಳಿದಾರರಿಗೆ ಹನ್ನೊಂದು ತಿಂಗಳ ಅವಧಿಯ ಗುರುತಿನ ಚೀಟಿ ಕೊಡಲು ಆರಂಭಿಸಿತು. ಅದರಿಂದ ಭೂಮಿಯ ಒಡೆತನಕ್ಕೆ ಧಕ್ಕೆಯಿಲ್ಲ. ಅಲ್ಲಿಯ ತೊಡಕೆಂದರೆ ಮಾಲೀಕರ ಒಪ್ಪಿಗೆ ಬೇಕು ಎಂಬ ಷರತ್ತು. ನಮ್ಮಲ್ಲಿ ಆ ಷರತ್ತಿನ ಬದಲು, ಅಕ್ಕಪಕ್ಕದ ಹೊಲದವರ ಸಾಕ್ಷ್ಯ ಮತ್ತು ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆಯನ್ನು ಆಧರಿಸಿ ಒಂದು ಹಂಗಾಮಿನ ಮಟ್ಟಿಗೆ ಸಾಗುವಳಿದಾರರ ಹೆಸರನ್ನು ಬೆಳೆ ಸಮೀಕ್ಷೆಯಲ್ಲೇ ದಾಖಲಿಸಬಹುದು. ಹೆಸರುಕಾಳಿನ ಬಿತ್ತನೆ ಜೂನ್ ಮೊದಲ ಮಳೆಗೇ ಶುರುವಾಗುವುದರಿಂದ, ಹಾಗೆ ದಾಖಲಿಸಬೇಕೆಂಬ ಸರ್ಕಾರದ ಆದೇಶ ಮೇ ತಿಂಗಳು ಮುಗಿಯುವುದರೊಳಗೆ ಹೊರಬೀಳಬೇಕು.