ಹನ್ನೊಂದನೇ ವಾರದ ಮೊಣಕಾಲು

ಗುಡ್ಡದ ಹಿಂದೆ ಬಿಸಿಲು ಇಳಿಯಿತು, ಆದರೆ ಮನೆಯ ಗೋಡೆ ಇನ್ನೂ ಕಾದೇ ಇದೆ. ಬಳ್ಳಾರಿ ಏಪ್ರಿಲ್ ಅಂದ್ರೆ ಹೀಗೇ ಅಲ್ವಾ? ನೀವು ನೋಡುತ್ತಿರುವುದು ನನ್ನ ಎಡಗಾಲು. ಮೊಣಕಾಲಿನ ಕೀಲು ಬದಲಿಸಿ ಇವತ್ತಿಗೆ 11 ವಾರ.

ಕೌಲ್ ಬಜಾರಿನಲ್ಲಿ ಮೂವತ್ತು ವರ್ಷ ಜೀನ್ಸ್ ಹೊಲಿದವಳು ನಾನು. ಟೇಪು ಹಿಡಿದ ಕೈ. ಅದೇ ಟೇಪನ್ನು ದಿನಾ ಎರಡು ಸಲ ಮಂಡಿಚಿಪ್ಪಿನ ನಡುವಿಗೆ ಸುತ್ತುತ್ತೇನೆ. ಬಲಗಾಲು 15 ಇಂಚು. ನಿನ್ನೆ ಎಡಗಾಲು ಬೆಳಿಗ್ಗೆ ಹದಿನೈದೂಮುಕ್ಕಾಲು, ಸಂಜೆ ಹದಿನಾರೂಕಾಲು.

ಹೊಲಿಗೆ ಬಿಚ್ಚಿದ ಮೇಲೆ ಊತ ಇಳಿದುಬಿಡುತ್ತೆ ಅಂದುಕೊಂಡಿದ್ದೆ. ಇಳಿಯಲಿಲ್ಲ. ಆಪರೇಷನ್ ಕೆಟ್ಟಿತೇನೋ ಅಂತ ಎಷ್ಟೋ ರಾತ್ರಿ ನಿದ್ದೆ ಮಾಡಿಲ್ಲ. ಫಿಸಿಯೋ ಮೇಡಂ ಪಕ್ಕದಲ್ಲಿ ಕೂತು ಹೇಳಿದರು: "ಅಮ್ಮಾ, ಒಳಗೆ ಎಲುಬು ಕೊಯ್ದು ಕೀಲು ಕೂಡಿಸಿದ್ದಾರೆ. ಊತ 3ರಿಂದ 6 ತಿಂಗಳು ಇರಬಹುದು. ಕೆಲವರಿಗೆ ವರ್ಷದವರೆಗೂ ಸ್ವಲ್ಪ ಉಳಿಯುತ್ತೆ."

ಕ್ಯಾಲೆಂಡರಿನಲ್ಲಿ ಅಳತೆ ಬರೆಯುತ್ತಾ ಹೋದಾಗ ಒಂದು ಗೊತ್ತಾಯಿತು. ನಿನ್ನೆ ಮಾಡಿದ್ದು ಇವತ್ತು ಕಾಲಲ್ಲಿ ಕಾಣುತ್ತೆ. ನಮ್ಮೂರ ಸಿಡಿಬಂಡಿ ಜಾತ್ರೆ ದಿನ ದುರ್ಗಮ್ಮನ ಗುಡಿ ಹತ್ತಿರ ಎರಡು ತಾಸು ನಿಂತೆ. ತಾಯಿಯ ದರ್ಶನ ಆಯ್ತು, ಆ ಸಂತೋಷ ಇದೆ. ಮರುದಿನ 17 ಇಂಚು! ಚರ್ಮ ಬಿಗಿದು ಹೊಳೆಯುತ್ತಿತ್ತು. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದರೆ ಗುಂಡಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಹೆದರಿ ಮೂರು ದಿನ ಸುಮ್ನೆ ಮಲಗಿಬಿಟ್ಟೆ. ಅದೂ ತಪ್ಪೇ. ಊತ ತುಂಬಿದ ಮಂಡಿಯಲ್ಲಿ ತೊಡೆಯ ಸ್ನಾಯು ಮೊದಲೇ ಸರಿಯಾಗಿ ಬಿಗಿಯಲ್ಲ. ಅಲುಗಾಡಿಸದಿದ್ದರೆ ಇನ್ನೂ ಸೋಲುತ್ತೆ.

ಈಗ ಅರ್ಧ ಗಂಟೆ ಒಂದೇ ಸಲ ನಡೆಯಲ್ಲ. ಹತ್ತತ್ತು ನಿಮಿಷ, ಮೂರು ಸಲ. ಆಮೇಲೆ ಮಲಗಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಇಡುತ್ತೇನೆ. ಇದೊಂದು ಮಾತ್ರ ದಯವಿಟ್ಟು ಕೇಳಿ, ದಿಂಬನ್ನು ಮಂಡಿಯ ಕೆಳಗೆ ಇಡಬೇಡಿ. ಹಾಯೆನಿಸುತ್ತೆ, ನಿಜ. ನಾನೂ ಎರಡು ವಾರ ಹಾಗೇ ಇಟ್ಟಿದ್ದೆ. ಕಾಲು ಬಾಗಿದ ಹಾಗೇ ಬಿಗಿದುಕೊಳ್ಳುತ್ತೆ, ಮತ್ತೆ ನೇರ ಮಾಡುವಾಗ ಕಣ್ಣಲ್ಲಿ ನೀರು ಬರುತ್ತೆ. ಹಿಮ್ಮಡಿಯ ಕೆಳಗೆ ಇಡಿ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ, ಮೀನಖಂಡ ಹಿಂಡಿದ ಹಾಗಾಗಿ ರಕ್ತ ಮೇಲಕ್ಕೆ ಹರಿಯುತ್ತೆ. ಐಸನ್ನು ಟವೆಲ್‌ನಲ್ಲಿ ಸುತ್ತಿ 15–20 ನಿಮಿಷ, ಅಷ್ಟು ಸಾಕು.

ಆದರೆ ಮೀನಖಂಡ ನೋಯುತ್ತಾ ಬಿಸಿಯಾದರೆ, ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಈಗ ಟೇಪು ಸುತ್ತುತ್ತೇನೆ, ನೋಡಿ. 16. ನಿನ್ನೆ ಸಂಜೆಗಿಂತ ಕಾಲಿಂಚು ಕಡಿಮೆ! ಮಗಳೇ, ಆ ಪೆನ್ನು ಕೊಡವ್ವಾ.