ಜೋರಾದ ಮಾತ್ರಕ್ಕೆ ಚೆನ್ನಾಯಿತೇ?

ಕೇಳುಗರಿಗೆ ನಮಸ್ಕಾರ.

ಹಳೆಯ ರಾಕ್ ಸಂಗೀತದ ಹುಚ್ಚಿರುವ ನಾಲ್ಕು ಜನ ಸೇರಿದರೆ ಒಂದು ಜಗಳ ಗ್ಯಾರಂಟಿ. ರೆಕಾರ್ಡ್ ಚೆನ್ನಾಗಿ ಕೇಳಿಸುತ್ತದೋ, ಸಿಡಿಯೋ ಅಂತ. ನನ್ನನ್ನು ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ. ಯಾವ ವರ್ಷದ್ದು? ಯಾಕೆಂದರೆ ಬೀಟಲ್ಸ್ ಆಗಲಿ, ಲೆಡ್ ಜೆಪ್ಲಿನ್ ಆಗಲಿ, ಅವರ ಒಂದೇ ಆಲ್ಬಂ ಇಷ್ಟು ವರ್ಷಗಳಲ್ಲಿ ಹಲವು ಸಲ ಹೊಸ ಹೊದಿಕೆ ಹೊದ್ದು ಅಂಗಡಿಗೆ ಬಂದಿದೆ. ಹಾಡಿದವರು ಅವರೇ, ಟೇಪೂ ಅದೇ. ಕಿವಿಗೆ ಬೀಳುವುದು ಮಾತ್ರ ಬೇರೆ ಬೇರೆ.

ಹೆಚ್ಚಿನ ಸಲ ಈ ವ್ಯತ್ಯಾಸ ಹುಟ್ಟುವುದು ಮಾಸ್ಟರಿಂಗ್ ಎಂಬ ಕೊನೆಯ ಹಂತದಲ್ಲಿ. ಅಷ್ಟು ಹೊತ್ತಿಗೆ ಹಾಡು ಹಾಡಿ ಆಗಿರುತ್ತದೆ. ಗಿಟಾರ್, ಡ್ರಮ್ಸ್, ದನಿ ಎಲ್ಲವನ್ನೂ ಹದವಾಗಿ ಬೆರೆಸಿಯೂ ಆಗಿರುತ್ತದೆ. ಆಮೇಲೆ ಒಬ್ಬ ಎಂಜಿನಿಯರ್ ಕೂತು ಅದನ್ನು ರೆಕಾರ್ಡಿಗೋ ಸಿಡಿಗೋ ಒಗ್ಗಿಸುತ್ತಾರೆ. ಎಷ್ಟು ಜೋರಿರಬೇಕು, ಬೇಸ್ ಎಷ್ಟಿರಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಅವರ ಹೆಸರು ಹೊದಿಕೆಯ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ, ಎಷ್ಟೋ ಸಲ ಇರುವುದೇ ಇಲ್ಲ.

1969ರಲ್ಲಿ ಲೆಡ್ ಜೆಪ್ಲಿನ್ ತಂಡದ ಎರಡನೆಯ ಆಲ್ಬಂ ಬಂತು. ಅಮೆರಿಕದಲ್ಲಿ ಅದರ ಮೊದಲ ರೆಕಾರ್ಡಿಗೆ ಮಾಸ್ಟರ್, ಅಂದರೆ ಉಳಿದವನ್ನು ಅಚ್ಚು ಹಾಕಲು ಬೇಕಾದ ಮೂಲ ತಟ್ಟೆ, ಕೊರೆದವರು ಎಂಜಿನಿಯರ್ ಬಾಬ್ ಲಡ್ವಿಗ್. ಧೈರ್ಯ ಮಾಡಿ ಬಹಳ ಜೋರಾಗಿಯೇ ಕೊರೆದರು. ರೆಕಾರ್ಡಿನಲ್ಲಿ ಬೇಸ್ ಜಾಸ್ತಿಯಾದಷ್ಟೂ ಗೆರೆ ಆಚೀಚೆ ಹೆಚ್ಚು ಓಲಾಡುತ್ತದೆ. ಒಳ್ಳೆಯ ಪ್ಲೇಯರಿನ ಸೂಜಿ ಆ ಗೆರೆಯನ್ನು ಬಿಡದೆ ಹಿಡಿದು ಹೋಗುತ್ತದೆ. ಅಗ್ಗದ ಪ್ಲೇಯರಿನದು ಎಗರುತ್ತದೆ. ಹಾಗೆ ಎಗರುತ್ತಿದೆ ಅಂತ ದೂರು ಬಂದಾಗ ಕಂಪನಿಯವರು ಜೋರು ತಗ್ಗಿಸಿ ಇನ್ನೊಮ್ಮೆ ಕೊರೆಸಿದರು. ಈಗ ಸಂಗ್ರಹ ಮಾಡುವವರು ಹುಡುಕುವುದು ಆ ಮೊದಲನೆಯದನ್ನೇ. ನಡುವಿನ ಚೀಟಿಯ ಪಕ್ಕದ ಖಾಲಿ ಜಾಗದಲ್ಲಿ ರಾಬರ್ಟ್ ಲಡ್ವಿಗ್ ಎಂಬ ಅವರ ಪೂರ್ತಿ ಹೆಸರಿನ ಆರ್, ಎಲ್ ಎಂದು ಗೀಚಿದೆಯಾ ಅಂತ ಬೆಳಕಿಗೆ ಹಿಡಿದು ನೋಡುತ್ತಾರೆ. ಇದ್ದರೆ ಬೆಲೆ ಗಗನಕ್ಕೆ.

ರೆಕಾರ್ಡಿನಲ್ಲಿ ಜೋರಿಗೆ ಒಂದು ಕಡಿವಾಣವಿತ್ತು. ಸೂಜಿಯೇ ಆ ಕಡಿವಾಣ. 1982ರಲ್ಲಿ ಸಿಡಿ ಬಂದಾಗ ಸೂಜಿ ಹೋಯಿತು, ಕರಕರ ಸದ್ದೂ ಹೋಯಿತು. ತೀರಾ ಮೆಲ್ಲಗಿನ ಸದ್ದಿಗೂ ತೀರಾ ಜೋರಿನದಕ್ಕೂ ನಡುವೆ ಲೆಕ್ಕದ ಪ್ರಕಾರ 96 ಡೆಸಿಬಲ್ ಅಂತರ ಸಿಡಿಯಲ್ಲಿ ಸಿಗುತ್ತದೆ. ಇಷ್ಟು ಜಾಗ ಸಿಕ್ಕಾಗ ಏನು ಮಾಡಬೇಕಿತ್ತು? ಮೆಲ್ಲಗಿನದನ್ನು ಮೆಲ್ಲಗೆ, ಜೋರಿನದನ್ನು ಜೋರಾಗಿ ಇಡಬೇಕಿತ್ತು, ಅಲ್ವಾ? ಮೊದಮೊದಲು ಹಾಗೇ ಇತ್ತು. 1985ರ ಡೈರ್ ಸ್ಟ್ರೇಟ್ಸ್ ಆಲ್ಬಂ ‘ಬ್ರದರ್ಸ್ ಇನ್ ಆರ್ಮ್ಸ್’ ಕೇಳಿ ನೋಡಿ, ಈಗಲೂ ಉಸಿರಾಡುತ್ತದೆ. ತೊಂಬತ್ತರ ದಶಕದಲ್ಲಿ ಪೈಪೋಟಿ ಶುರುವಾಯಿತು. ಒಂದರ ಹಿಂದೆ ಒಂದು ಹಾಡು ಬಂದಾಗ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತದೆ. ಹಾಗಾಗಿ ಮೆಲ್ಲಗಿನದನ್ನೆಲ್ಲ ಮೇಲಕ್ಕೆತ್ತಿದರು. ಡ್ರಮ್ಸ್ ಏಟಿನ ಮೊನಚು ಸಿಡಿಯ ಮೇಲಿನ ಮಿತಿಗೆ ತಗಲುತ್ತದೆ ಎಂದು ಆ ಮೊನಚನ್ನೇ ಸವರಿದರು. ಗುಟ್ಟನ್ನೂ ಜಗಳವನ್ನೂ ಒಂದೇ ದನಿಯಲ್ಲಿ ಕೂಗಿ ಹೇಳುವವರ ಪಕ್ಕ ಕೂತ ಹಾಗೆ. ಸ್ವಲ್ಪ ಹೊತ್ತಿಗೇ ತಲೆ ಸಿಡಿಯುತ್ತದೆ.

ಇದು ವಿಪರೀತಕ್ಕೆ ಹೋಗಿದ್ದು 2008ರಲ್ಲಿ, ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ಮಿನಲ್ಲಿ. ಅದೇ ಹಾಡುಗಳು ‘ಗಿಟಾರ್ ಹೀರೊ’ ಎಂಬ ವಿಡಿಯೊ ಆಟದಲ್ಲೂ ಬಂದವು. ಆಟದಲ್ಲಿದ್ದ ಸದ್ದು ಸಿಡಿಯಲ್ಲಿದ್ದುದಕ್ಕಿಂತ ಎಷ್ಟೋ ಸ್ವಚ್ಛವಾಗಿತ್ತು! ಅಭಿಮಾನಿಗಳು ಸಿಟ್ಟಾಗಿ, ಮತ್ತೆ ಮಾಡಿಕೊಡಿ ಅಂತ ಸಹಿ ಸಂಗ್ರಹಿಸಿದರು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ತಮ್ಮ ಕೈಗೆ ಬರುವ ಮುಂಚೆಯೇ ಅದು ಹಾಗಿತ್ತು ಎಂದರು. ಈ ತಂಡ 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಅಂಥ ಕಛೇರಿಯಲ್ಲಿ ಡ್ರಮ್ಸ್ ಎದೆಗೇ ಬಡಿಯುತ್ತದೆ. ಆ ಸಿಡಿಯಲ್ಲಿ ಕಿವಿಗೆ ಮಾತ್ರ ಬಡಿಯುತ್ತದೆ. ಕೆನಡಾದ ರಷ್ ತಂಡದವರು ಇನ್ನೂ ಪ್ರಾಮಾಣಿಕರು. 2002ರ ‘ವೇಪರ್ ಟ್ರೇಲ್ಸ್’ ಹೀಗೇ ಕೆಟ್ಟಿತ್ತು. 2013ರಲ್ಲಿ ಇಡೀ ಆಲ್ಬಮ್ಮನ್ನೇ ಮತ್ತೆ ಮಿಕ್ಸ್ ಮಾಡಿಸಿ ಹೊರತಂದರು.

ಹಾಗಂತ ಸದ್ದನ್ನು ಹಿಂಡುವುದೇ, ಅಂದರೆ ಮೆಲ್ಲಗಿನದಕ್ಕೂ ಜೋರಿನದಕ್ಕೂ ಇರುವ ಅಂತರ ಕಮ್ಮಿ ಮಾಡುವುದೇ, ಪಾಪ ಅಂತ ನಾನು ಹೇಳುವುದಿಲ್ಲ. ಇದೇ ನನ್ನ ಮಾತನ್ನು ಬಾನುಲಿಯವರೂ ಒಂದಿಷ್ಟು ಹಿಂಡಿಯೇ ನಿಮಗೆ ಕಳಿಸುತ್ತಾರೆ. ಇಲ್ಲದಿದ್ದರೆ ಅಡುಗೆಮನೆಯ ಮಿಕ್ಸಿ ಸದ್ದಿನ ನಡುವೆ ನಾನು ಕೇಳಿಸುವುದೇ ಇಲ್ಲ. ರಾಕ್ ಡ್ರಮ್ಸ್ ಅಂದರೆ ನನಗೆ ಮೊದಲು ನೆನಪಾಗುವ ‘ವೆನ್ ದ ಲೆವಿ ಬ್ರೇಕ್ಸ್’ ಕೂಡ ಚೆನ್ನಾಗಿ ಹಿಂಡಿದ್ದೇ. 1971ರಲ್ಲಿ ಹೊರಬಂದ ಲೆಡ್ ಜೆಪ್ಲಿನ್ ಹಾಡು ಅದು. ಅದನ್ನು ಮುದ್ರಿಸಿದ್ದು ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಹೆಡ್ಲಿ ಗ್ರೇಂಜ್ ಎಂಬ ಹಳೇ ಕಟ್ಟಡದಲ್ಲಿ. ಅದು ಸ್ಟುಡಿಯೊ ಅಲ್ಲ, ಒಂದು ಕಾಲದಲ್ಲಿ ದಿಕ್ಕಿಲ್ಲದ ಬಡವರನ್ನು ಇಡುತ್ತಿದ್ದ ಜಾಗ. ರೋಲಿಂಗ್ ಸ್ಟೋನ್ಸ್ ತಂಡದವರ ಮುದ್ರಣದ ಲಾರಿಯನ್ನು ಹೊರಗೆ ನಿಲ್ಲಿಸಿಕೊಂಡಿದ್ದರು. ತಂಡದ ಡ್ರಮ್ಮರ್ ಜಾನ್ ಬಾನಮ್ ಕೆಳಗೆ ಹಜಾರದಲ್ಲಿ ಡ್ರಮ್ಸ್ ಮುಂದೆ ಕೂತರು. ಎಂಜಿನಿಯರ್ ಆಂಡಿ ಜಾನ್ಸ್ ಮೆಟ್ಟಿಲ ಮೇಲಿನಿಂದ ಎರಡು ಮೈಕ್ ಇಳಿಬಿಟ್ಟರು. ಒಂದೊಂದು ಡ್ರಮ್ಮಿಗೂ ಒಂದೊಂದು ಮೈಕ್ ಅಂತ ಇಡಲಿಲ್ಲ. ಎರಡೇ, ಅದೂ ಅಷ್ಟು ದೂರದಲ್ಲಿ. ಆ ದನಿಯನ್ನು ಹಿಂಡಿ, ಮೇಲೊಂದು ಪ್ರತಿಧ್ವನಿಯ ಯಂತ್ರಕ್ಕೂ ಕೊಟ್ಟರು. ನಾವು ಕೇಳುವುದು ಡ್ರಮ್ಸ್ ಅಷ್ಟೇ ಅಲ್ಲ, ಆ ಮನೆಯ ಗೋಡೆ, ಮೆಟ್ಟಿಲು, ಎತ್ತರ ಎಲ್ಲವೂ. ಅಲ್ಲಿ ಹಿಂಡಿದ್ದು ಹಾಡು ಹುಟ್ಟುವಾಗ, ಹುಟ್ಟಿಸಿದವರೇ ಬೇಕೆಂದು. ನಲವತ್ತು ವರ್ಷದ ಮೇಲೆ ಬೇರೆ ಯಾರೋ ಇಡೀ ಹಾಡನ್ನೇ ಮತ್ತೆ ಹಿಂಡಿದರೆ ಮೊದಲು ಸಾಯುವುದು ಆ ಮನೆಯೇ.

ಬೀಟಲ್ಸ್ ಕಥೆ ಇನ್ನೊಂದು ಥರ. 1967ರ ‘ಸಾರ್ಜೆಂಟ್ ಪೆಪರ್’ ಮುದ್ರಣವಾಗಿದ್ದು ನಾಲ್ಕೇ ಟ್ರ್ಯಾಕಿನ, ಅಂದರೆ ಟೇಪಿನ ಮೇಲೆ ನಾಲ್ಕೇ ಸಾಲು ಸದ್ದು ಹಿಡಿಯುವ, ಯಂತ್ರಗಳಲ್ಲಿ. ಆಗ ಬ್ರಿಟನ್ನಿನಲ್ಲಿ ಜನರ ಮನೆಯಲ್ಲಿ ಹೆಚ್ಚಾಗಿ ಇದ್ದದ್ದು ಮೋನೋ ಪ್ಲೇಯರ್, ಅಂದರೆ ಎಲ್ಲ ಸದ್ದೂ ಒಂದೇ ಕಡೆಯಿಂದ ಬರುವಂಥದ್ದು. ಆದ್ದರಿಂದ ಮೋನೋ ಮಿಕ್ಸಿಂಗಿಗೆ ನಾಲ್ವರೂ ಮುತುವರ್ಜಿ ವಹಿಸಿದರು. ಸದ್ದು ಎಡ, ಬಲ ಎಂದು ಹಂಚಿ ಬರುವ ಸ್ಟೀರಿಯೊವನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಎಂಜಿನಿಯರ್ ಜೆಫ್ ಎಮೆರಿಕ್ ಆಮೇಲೆ ಬೇಗ ಬೇಗ ಮುಗಿಸಿದರು. ಎರಡರಲ್ಲೂ ‘ಶೀ ಈಸ್ ಲೀವಿಂಗ್ ಹೋಮ್’ ಕೇಳಿ. ಮೋನೋದಲ್ಲಿ ಹಾಡು ಸ್ವಲ್ಪ ವೇಗ, ಶ್ರುತಿಯೂ ಮೇಲೆ. ನನಗೆ ಮೋನೋವೇ ಇಷ್ಟ. 2017ರಲ್ಲಿ ಜಾರ್ಜ್ ಮಾರ್ಟಿನ್ ಮಗ ಜೈಲ್ಸ್, ಮೋನೋವನ್ನೇ ಮಾದರಿಯಾಗಿಟ್ಟುಕೊಂಡು ಹೊಸ ಸ್ಟೀರಿಯೊ ಮಾಡಿದರು. ಅದೂ ಮೋಸವಿಲ್ಲ. ಕೋಲ್ಕತ್ತದ ಡಂಡಂ ಕಾರ್ಖಾನೆಯಲ್ಲಿ ಅಚ್ಚಾದ ಹಳೆಯ ಬೀಟಲ್ಸ್ ರೆಕಾರ್ಡುಗಳು ಇಂದಿಗೂ ಕೆಲವರ ಮನೆಯಲ್ಲಿವೆ. ದಯವಿಟ್ಟು ಗುಜರಿಗೆ ಹಾಕಬೇಡಿ.

ಸದ್ದು ಸ್ವಚ್ಛವಾಗಿರಬೇಕು ಎನ್ನುವವರು ಸ್ಟೀಲಿ ಡ್ಯಾನ್ ತಂಡದ 1977ರ ‘ಏಜಾ’ ಹೆಸರು ಹೇಳುತ್ತಾರೆ. ಸ್ಪೀಕರ್ ಪರೀಕ್ಷೆಗೆ ಅದನ್ನೇ ಹಾಕುವವರಿದ್ದಾರೆ. ಒಪ್ಪುತ್ತೇನೆ, ಒಂದು ಧೂಳಿನ ಕಣವೂ ಇಲ್ಲ. ಆದರೆ ರಾತ್ರಿ ಹತ್ತಕ್ಕೆ ನಾನು ಸುಮ್ನೆ ಹಾಕಿಕೊಂಡು ಕೂರುವುದು ಅದನ್ನಲ್ಲ.

ಈಗ ಸ್ಪಾಟಿಫೈನಂಥ ಆ್ಯಪುಗಳು ಎಲ್ಲ ಹಾಡುಗಳ ಜೋರನ್ನೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ತರುತ್ತವೆ. ಹೊಸ ಹಾಡಿಗೆ ಇದರಿಂದ ಒಳ್ಳೆಯದೇ ಆಯಿತು, ಕೂಗಿ ಗೆಲ್ಲುವ ಹಾಗಿಲ್ಲ. ತೊಂದರೆ ಏನೆಂದರೆ, ಹಳೆಯ ಆಲ್ಬಮ್ಮುಗಳು ಅಲ್ಲಿ ಹೆಚ್ಚಾಗಿ ರಿಮಾಸ್ಟರ್ ಆದ, ಅಂದರೆ ಹೊಸದಾಗಿ ಮತ್ತೆ ಮಾಸ್ಟರಿಂಗ್ ಮಾಡಿದ ರೂಪದಲ್ಲೇ ಸಿಗುತ್ತವೆ. ಎಲ್ಲ ರಿಮಾಸ್ಟರೂ ಕೆಟ್ಟದ್ದಲ್ಲ. ಹಳೇ ಸಿಡಿ ಕೈಯಲ್ಲಿದ್ದರೆ ಎರಡನ್ನೂ ಹಾಕಿ ನೋಡಿ. ಮೊದಲು ವಾಲ್ಯೂಮ್ ತಿರುಗಿಸಿ, ಎರಡರಲ್ಲೂ ಹಾಡುಗಾರನ ದನಿ ಒಂದೇ ಮಟ್ಟಕ್ಕೆ ಬರುವ ಹಾಗೆ ಮಾಡಿಕೊಳ್ಳಿ. ಆಮೇಲೆ ದನಿಯನ್ನು ಮರೆತು ಡ್ರಮ್ಸ್ ಮಾತ್ರ ಕೇಳಿ. ಯಾವುದರಲ್ಲಿ ಏಟು ದನಿಯನ್ನು ಮೀರಿ ಮುಂದಕ್ಕೆ ಬರುತ್ತದೋ ಅದನ್ನು ಇಟ್ಟುಕೊಳ್ಳಿ. ನಮಸ್ಕಾರ.